ಚೆಫಲೂ ಎಂಬ ಪುಟ್ಟ ಕಡಲೂರಿಗೆ ಮೂರು ರಾತ್ರಿ ಹೆಚ್ಚಾದೀತೇ?

ಪ್ರಶ್ನೆ: ವಾಸ್ಕೋ, ಗೋವಾ

ಎಲ್ಲರಿಗೂ ನಮಸ್ಕಾರ. ನಾನು ವಾಸ್ಕೋದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 26 ವರ್ಷ ಪಾಠ ಹೇಳಿ ಕಳೆದ ವರ್ಷ ನಿವೃತ್ತಳಾದೆ. ನಮ್ಮ ಯಜಮಾನರು ಬಂದರಿನ ಕೆಲಸದಿಂದ ನಿವೃತ್ತರಾದವರು. ಮಗಳು ಮಿಲಾನಿನಲ್ಲಿ ಓದುತ್ತಿದ್ದಾಳೆ. ಬರುವ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು ಇಟಲಿಯ ಸಿಸಿಲಿ ದ್ವೀಪವನ್ನು ತೋರಿಸಬೇಕೆಂಬುದು ಅವಳ ಆಸೆ. ಅದರಲ್ಲಿ ಮೂರು ರಾತ್ರಿಗಳನ್ನು ಪಲೆರ್ಮೋ ನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಚೆಫಲೂ ಎಂಬ ಊರಿಗಾಗಿ ತೆಗೆದಿರಿಸಿದ್ದಾಳೆ.

ಮುಂಬಯಿಯ ಪ್ರವಾಸ ಸಂಸ್ಥೆಯೊಂದನ್ನು ವಿಚಾರಿಸಿದಾಗ, ಅವರು ಆ ಊರಿಗೆ ಕೊಟ್ಟಿದ್ದು ಮಧ್ಯಾಹ್ನದ ಊಟವೂ ಸೇರಿ ಎರಡೂವರೆ ಗಂಟೆ ಮಾತ್ರ. ಬಂಧುಗಳು ಬೇರೊಂದು ಮಾತು ಎತ್ತಿದ್ದಾರೆ. ಬೆಳಗಾದರೆ ಕಡಲನ್ನೇ ನೋಡುವವರು ಇನ್ನೊಂದು ಕಡಲೂರನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಆದರೆ ನನ್ನ ಆಸಕ್ತಿ ಇರುವುದು ಮರಳಿನ ದಂಡೆಯಲ್ಲಲ್ಲ. ಆ ಊರಿನ ಪ್ರಧಾನ ಕ್ರೈಸ್ತ ದೇವಾಲಯದಲ್ಲಿ 12ನೆಯ ಶತಮಾನದ ಚಿನ್ನದ ಬಣ್ಣದ ಗೋಡೆಚಿತ್ರಗಳಿವೆ ಎಂದೂ, ಅದನ್ನು ಕಟ್ಟಿದವರಲ್ಲಿ ಗ್ರೀಕರು, ಅರಬರು, ಉತ್ತರದ ನಾರ್ಮನ್ನರು ಎಲ್ಲರ ಕೈಯೂ ಸೇರಿದೆ ಎಂದೂ ಮಗಳು ಬರೆದಿದ್ದಾಳೆ. ಹಳೇ ಗೋವಾದ ಇಗರ್ಜಿಗಳನ್ನು (ಚರ್ಚುಗಳನ್ನು) ಶಾಲೆಯ ಮಕ್ಕಳೊಂದಿಗೆ ಎಷ್ಟೋ ಸಲ ನೋಡಿದವಳು ನಾನು. ಅಲ್ಲಿಯ ಮರದ ಕೆತ್ತನೆಯನ್ನೂ ಚಿನ್ನದ ಲೇಪವನ್ನೂ ಮಕ್ಕಳಿಗೆ ವಿವರಿಸಬಲ್ಲೆ. ಚೆಫಲೂವಿನ ಚಿತ್ರಗಳೆದುರು ನಿಂತಾಗ ಏನನ್ನು ನೋಡಬೇಕು, ಯಾವುದರಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಮುಖ್ಯ ಪ್ರಶ್ನೆ ಇಷ್ಟೇ. ಅಷ್ಟು ಚಿಕ್ಕ ಊರಿನಲ್ಲಿ ಮೂರು ರಾತ್ರಿ ಕಳೆಯುವುದು ಸಾರ್ಥಕವೇ, ಅಥವಾ ಪಲೆರ್ಮೋದಲ್ಲಿ ತಂಗಿ ಒಂದು ಹಗಲು ಹೋಗಿಬಂದರೆ ಸಾಕೇ? ಯಜಮಾನರಿಗೆ ಮೊಣಕಾಲು ನೋವಿದೆ ಎಂಬುದನ್ನೂ ನಾವಿಬ್ಬರೂ ಸಸ್ಯಾಹಾರಿಗಳು ಎಂಬುದನ್ನೂ ಗಮನದಲ್ಲಿಟ್ಟು ಉತ್ತರಿಸಿ.

ಉತ್ತರ 1: ಮಾಟುಂಗಾ, ಮುಂಬಯಿ

ನಮಸ್ಕಾರ ಅಮ್ಮ. ನಾನೂ ನನ್ನ ಶ್ರೀಮತಿಯೂ 2019ರ ಅಕ್ಟೋಬರಿನಲ್ಲಿ ಚೆಫಲೂವಿನಲ್ಲಿ ನಾಲ್ಕು ರಾತ್ರಿ ಇದ್ದೆವು. ನಿಮ್ಮ ಮಗಳ ಲೆಕ್ಕಾಚಾರ ಸರಿಯಾಗಿದೆ. ದಯವಿಟ್ಟು ಮೂರು ರಾತ್ರಿಗಳಲ್ಲಿ ಒಂದನ್ನೂ ಬಿಟ್ಟುಕೊಡಬೇಡಿ.

ಕಾರಣ ಹೇಳುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಊರು ಪ್ರವಾಸಿಗಳದ್ದು. ಬಸ್ಸುಗಳಲ್ಲಿ ಬಂದವರು ದೇವಾಲಯದ ಮುಂದಿನ ಚೌಕದಲ್ಲಿ ಛಾಯಾಚಿತ್ರ ತೆಗೆದುಕೊಂಡು, ಐಸ್ ಕ್ರೀಮ್ ತಿಂದು, ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಹೊರಟುಬಿಡುತ್ತಾರೆ. ಅವರು ಹೋದ ಮೇಲೆ ಊರಿನ ಮುದುಕರು ಕುರ್ಚಿಗಳನ್ನು ಬಾಗಿಲಿಗೆ ತರುತ್ತಾರೆ, ಮಕ್ಕಳು ಚೌಕದಲ್ಲಿ ಚೆಂಡಾಡುತ್ತಾರೆ, ದೇವಾಲಯದ ಎರಡು ಗೋಪುರಗಳ ಹಿಂದೆ ನಿಂತ ದೊಡ್ಡ ಬಂಡೆ ಸಂಜೆಯ ಬಿಸಿಲಿಗೆ ಕೆಂಪಾಗುತ್ತದೆ. ಈ ಬಂಡೆಯನ್ನು ಅಲ್ಲಿಯವರು 'ಲಾ ರೊಕ್ಕಾ' ಎನ್ನುತ್ತಾರೆ. ಸುಮಾರು 270 ಮೀಟರ್ ಎತ್ತರದ ಈ ಸುಣ್ಣಕಲ್ಲಿನ ಗುಡ್ಡ ನೇರ ಊರಿನ ನೆತ್ತಿಯ ಮೇಲೆ ನಿಂತಿದೆ. ಗ್ರೀಕ್ ಭಾಷೆಯಲ್ಲಿ ತಲೆ ಎಂಬ ಅರ್ಥದ 'ಕೆಫಲೇ' ಎಂಬ ಶಬ್ದದಿಂದಲೇ ಊರಿಗೆ ಹೆಸರು ಬಂದದ್ದು.

ನಾನು ಎಲ್ಲಕ್ಕಿಂತ ಮೊದಲು ನೋಡಿ ಎನ್ನುವುದು ದೇವಾಲಯವನ್ನಲ್ಲ, ಬಟ್ಟೆ ಒಗೆಯುವ ಕಟ್ಟೆಯನ್ನು. ವಿಯಾ ವಿತ್ತೋರಿಯೋ ಇಮ್ಯಾನುಯೆಲೆ ಎಂಬ ಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ಕಡೆ ಕಪ್ಪು ಲಾವಾಕಲ್ಲಿನ ಅಗಲವಾದ ಮೆಟ್ಟಿಲುಗಳು ಬಳುಕಿ ಕೆಳಗಿಳಿಯುತ್ತವೆ. ಇಳಿದರೆ ಕಮಾನುಗಳ ಕೆಳಗೆ ತಣ್ಣನೆಯ ನೆರಳು, ಸಾಲಾಗಿ ಕಲ್ಲಿನ ತೊಟ್ಟಿಗಳು, ಬಟ್ಟೆ ಉಜ್ಜಲು ಇಳಿಜಾರಾಗಿ ಕೂರಿಸಿದ ಹಾಸುಗಲ್ಲುಗಳು. ಗೋಡೆಯ 22 ಬಾಯಿಗಳಿಂದ ನೀರು ಸುರಿಯುತ್ತದೆ, ಅವುಗಳಲ್ಲಿ 15 ಎರಕದ ಸಿಂಹಮುಖಗಳು. ಮಧ್ಯಯುಗದಿಂದ ಬಂದ ಈ ಕಟ್ಟೆಯನ್ನು 1514ರಲ್ಲಿ ಮತ್ತೆ ಕಟ್ಟಿದರು. ಚೆಫಲೀನೋ ಎಂಬ ನದಿಯ ನೀರು ಇಲ್ಲಿ ಹೊರಬಂದು ತೊಟ್ಟಿಯಿಂದ ತೊಟ್ಟಿಗೆ ಹರಿದು ಕೊನೆಗೆ ಕಡಲನ್ನು ಸೇರುತ್ತದೆ. ಈ ನೀರು ಬೆಳ್ಳಿಗಿಂತ ನಿರ್ಮಲ, ಹಿಮಕ್ಕಿಂತ ತಣ್ಣನೆಯದು ಎಂಬ ಅರ್ಥದ ಸಾಲುಗಳನ್ನು ಪ್ರವೇಶದ ಬಳಿ ಕೆತ್ತಿದ್ದಾರೆ. ತನ್ನನ್ನು ವಂಚಿಸಿದ ಪ್ರಿಯನಿಗೆ ಸಾವಿನ ಶಿಕ್ಷೆ ಕೊಟ್ಟು, ಬಳಿಕ ಪಶ್ಚಾತ್ತಾಪಪಟ್ಟ ಅಪ್ಸರೆಯೊಬ್ಬಳ ಕಣ್ಣೀರೇ ಈ ನದಿಯಾಯಿತೆಂಬುದು ಊರಿನ ಐತಿಹ್ಯ. ಮಹಾಲಕ್ಷ್ಮಿಯ ಧೋಬಿ ಘಾಟನ್ನು ರೈಲ್ವೆ ಸೇತುವೆಯ ಮೇಲಿಂದ ಮೂವತ್ತು ವರ್ಷ ನೋಡಿದ ನನಗೆ, ಮೊಣಕಾಲಿನಷ್ಟು ನೀರಿನಲ್ಲಿ ದುಡಿದವರ ಕೆಲಸಕ್ಕಾಗಿ ಒಂದು ಊರು ಇಷ್ಟು ಅಂದವಾದ ಕಟ್ಟಡವನ್ನು ಮಾಡಿಕೊಟ್ಟು ಇಂದಿಗೂ ಉಳಿಸಿಕೊಂಡಿದೆ ಎಂಬುದು ಮನಸ್ಸನ್ನು ತುಂಬಿತು. ಮೆಟ್ಟಿಲು ಒದ್ದೆಯಾಗಿರುತ್ತದೆ, ಯಜಮಾನರು ಕೈ ಹಿಡಿದು ಇಳಿಯಲಿ.

ಎರಡನೆಯದು ಮಂದ್ರಲಿಸ್ಕಾ ವಸ್ತುಸಂಗ್ರಹಾಲಯ. ಎನ್ರೀಕೋ ಪಿರೈನೋ ಎಂಬ ಮಂದ್ರಲಿಸ್ಕಾದ ಜಮೀನುದಾರ (1809–1864) ತನ್ನ ಜೀವಮಾನವಿಡೀ ಕೂಡಿಸಿದ ಚಿತ್ರ, ನಾಣ್ಯ, ಶಂಖ ಚಿಪ್ಪು, ಪುಸ್ತಕಗಳನ್ನೆಲ್ಲ ಊರಿಗೆ ಬಿಟ್ಟುಹೋದ. ಬಹುತೇಕರು ಅಲ್ಲಿಗೆ ಹೋಗುವುದು ಅಂತೊನೆಲ್ಲೋ ದಾ ಮೆಸ್ಸೀನಾ 15ನೆಯ ಶತಮಾನದಲ್ಲಿ ಬರೆದ ಅಪರಿಚಿತ ಗಂಡಸಿನ ಭಾವಚಿತ್ರಕ್ಕಾಗಿ. ತುಟಿಯ ಅಂಚಿನಲ್ಲಿ ಅವನ ನಗು ಹೇಗಿದೆಯೆಂದರೆ, ಕೋಣೆಯ ಯಾವ ಮೂಲೆಗೆ ಹೋದರೂ ನಮ್ಮ ಗುಟ್ಟೊಂದು ಅವನಿಗೆ ತಿಳಿದಂತೆಯೇ ಇರುತ್ತದೆ. ಆದರೆ ಗೋವಾದವರಾದ ನೀವು ಅಲ್ಲಿಯ ಒಂದು ಮಣ್ಣಿನ ಪಾತ್ರೆಯನ್ನು ತಪ್ಪದೆ ಹುಡುಕಿ ನೋಡಬೇಕು. ಕ್ರಿಸ್ತಪೂರ್ವ 4ನೆಯ ಶತಮಾನದ ಆ ಪಾತ್ರೆಯ ಮೇಲೆ ಮೀನು ಮಾರುವವನೊಬ್ಬ ದೊಡ್ಡ ಕತ್ತಿಯಿಂದ ಟ್ಯೂನಾ ಮೀನನ್ನು ಕಡಿಯುತ್ತಿದ್ದಾನೆ; ಎದುರಿಗೆ ಗಿರಾಕಿ ಕೈಯಲ್ಲಿ ನಾಣ್ಯ ಹಿಡಿದು ನಿಂತಿದ್ದಾನೆ. ನಮ್ಮ ಮೀನುಪೇಟೆಯಲ್ಲಿ ಇಂದು ಬೆಳಿಗ್ಗೆ ನಡೆದ ವ್ಯಾಪಾರವೇ ಅದು.

ವೀಸಾದ ಬಗ್ಗೆ ಒಂದೇ ಮಾತು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಸೆಪ್ಟೆಂಬರಿಗೆ ಹೊರಡುವುದಾದರೆ ಮೇ ತಿಂಗಳಲ್ಲೇ ಕಾಗದಪತ್ರ ಸಿದ್ಧಮಾಡಿಕೊಳ್ಳಿ.

ಉತ್ತರ 2: ಡೊಂಬಿವಲಿ, ಮುಂಬಯಿ

ಅಕ್ಕೋರೇ, ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಪಲೆರ್ಮೋದಿಂದ ಚೆಫಲೂವಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ದಾರಿಯುದ್ದಕ್ಕೂ ಕಡಲು ಕಾಣುತ್ತದೆ. ಬೆಳಿಗ್ಗೆ ಹೊರಟು ಸಂಜೆ ಮರಳುವುದು ಯಾರಿಗೂ ಕಷ್ಟವಲ್ಲ. ಗೋಡೆಚಿತ್ರಗಳನ್ನು ನೋಡಬೇಕೆಂಬ ಆಸೆಯಿಂದ ಹೋಗುವವರು ಪಲೆರ್ಮೋ ಅರಮನೆಯೊಳಗಿನ ಪ್ರಾರ್ಥನಾ ಮಂದಿರವನ್ನೂ ನಗರದ ಹೊರಗಿರುವ ಮೊನ್ರೆಯಾಲೆಯ ದೇವಾಲಯವನ್ನೂ ಅವಸರವಿಲ್ಲದೆ ನೋಡಬೇಕು. ಮೊನ್ರೆಯಾಲೆಯಲ್ಲಿ ಗೋಡೆಯ ಒಂದು ಮೊಳವನ್ನೂ ಬರಿದು ಬಿಟ್ಟಿಲ್ಲ. ಚೆಫಲೂವಿನಲ್ಲಿ ಚಿತ್ರಗಳಿರುವುದು ಗರ್ಭಗೃಹದ ಭಾಗದಲ್ಲಿ ಮಾತ್ರ. ಸಾಮಾನು ಎತ್ತಿಕೊಂಡು ಮತ್ತೊಂದು ವಸತಿಗೆ ಹೋಗುವ ತ್ರಾಸವೂ ಉಳಿಯುತ್ತದೆ. ಮೊಣಕಾಲು ನೋವಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಉತ್ತರ 3: ಪುಣೆ

ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ವೃತ್ತಿ. ಡೊಂಬಿವಲಿಯವರು ಹೇಳಿದ ಸಂಗತಿ ನಿಜ, ಆದರೆ ಅದರಿಂದ ಅವರು ತೆಗೆದ ನಿರ್ಣಯ ನನಗೆ ಒಪ್ಪಿಗೆಯಾಗುವುದಿಲ್ಲ. ಮೊನ್ರೆಯಾಲೆಯಲ್ಲಿ ಕಣ್ಣು ತುಂಬಿ ಹೋಗುತ್ತದೆ, ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಚೆಫಲೂವಿನಲ್ಲಿ ಬರಿಗೋಡೆಯ ಉದ್ದನೆಯ ಅಂಕಣವನ್ನು ನಡೆದು ಮುಗಿಸಿದಾಗ ಕೊನೆಯಲ್ಲಿ ಒಂದೇ ಒಂದು ಮುಖ ನಿಮ್ಮನ್ನು ನೋಡುತ್ತದೆ. ಆ ನಡಿಗೆಯನ್ನು ನಾನು ಮೂರು ದಿನ ಮೂರು ಸಲ ಮಾಡಿದ್ದೇನೆ. ಒಮ್ಮೆ ನೋಡಿ ಹೊರಬಂದಿದ್ದರೆ ನನಗೆ ಬಹುಪಾಲು ತಿಳಿಯುತ್ತಲೇ ಇರಲಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 9ನೆಯ ಶತಮಾನದಲ್ಲಿ, 858ರಲ್ಲಿ, ಚೆಫಲೂ ಅರಬರ ವಶವಾಯಿತು. ಎರಡು ಶತಮಾನಗಳ ನಂತರ 1063ರಲ್ಲಿ ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ನರು ಅದನ್ನು ಗೆದ್ದರು. ಆ ಮನೆತನದ ಎರಡನೆಯ ರೊಜರ್ 1130ರ ಕ್ರಿಸ್‌ಮಸ್ ದಿನ ಪಲೆರ್ಮೋದಲ್ಲಿ ಸಿಸಿಲಿಯ ರಾಜನಾಗಿ ಕಿರೀಟ ಧರಿಸಿದ; ಮರುವರ್ಷ 1131ರಲ್ಲೇ ಚೆಫಲೂ ದೇವಾಲಯಕ್ಕೆ ಅಡಿಪಾಯ ಹಾಕಿಸಿದ. ಬಿರುಗಾಳಿಗೆ ಸಿಕ್ಕ ಅವನ ಹಡಗು ಈ ದಂಡೆಯಲ್ಲಿ ಸುರಕ್ಷಿತವಾಗಿ ಬಂದು ಸೇರಿದ್ದರಿಂದ ಹರಕೆ ತೀರಿಸಲು ಕಟ್ಟಿಸಿದನೆಂದು ಊರಿನವರು ಹೇಳುತ್ತಾರೆ. ಹರಕೆಯ ಕಥೆ ಹೇಗೇ ಇರಲಿ, ಹೊಸದಾಗಿ ರಾಜನಾದವನು ತನ್ನ ಅಧಿಕಾರವನ್ನು ಕಲ್ಲಿನಲ್ಲಿ ಸ್ಥಾಪಿಸಿದ್ದು ಕಣ್ಣಿಗೆ ಕಾಣುತ್ತದೆ. ಎರಡು ಗೋಪುರಗಳು ಕೋಟೆಯ ಬುರುಜುಗಳಂತೆಯೇ ಇವೆ. ತನ್ನ ಸಮಾಧಿಗಾಗಿ ಕೆಂಪು ಪಾರ್ಫಿರಿ ಕಲ್ಲಿನ ಶವಪೆಟ್ಟಿಗೆಗಳನ್ನೂ ಇಲ್ಲಿ ಇಡಿಸಿದ್ದ. ಆದರೆ 1154ರಲ್ಲಿ ತೀರಿಕೊಂಡಾಗ ಅವನನ್ನು ಪಲೆರ್ಮೋದಲ್ಲಿ ಹೂಳಿದರು, ಆ ಕಲ್ಲಿನ ಪೆಟ್ಟಿಗೆಗಳನ್ನು ಮೊಮ್ಮಗ ಎರಡನೆಯ ಫ್ರೆಡೆರಿಕ್ 1215ರಲ್ಲಿ ಪಲೆರ್ಮೋಗೆ ಸಾಗಿಸಿಕೊಂಡ. ರಾಜನಿಲ್ಲದ ರಾಜಸಮಾಧಿಯ ಮಂದಿರವಾಗಿ ಚೆಫಲೂ ಉಳಿಯಿತು.

ನಮ್ಮ ಕಾಲಗಣನೆಗೆ ಹೊಂದಿಸಿ ನೋಡಿದರೆ ನಿಮಗೆ ಹತ್ತಿರವಾದೀತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಹೊಯ್ಸಳ ವಿಷ್ಣುವರ್ಧನನೂ ಈ ರೊಜರನೂ ಸಮಕಾಲೀನರು. ನಿಮ್ಮ ಗೋವಾದಲ್ಲೇ ಕದಂಬರ ಕಾಲದ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವಿದೆಯಲ್ಲ, ಅದೂ ಸುಮಾರಾಗಿ ಅದೇ ಯುಗದ್ದು. ಬೇಲೂರಿನ ಶಿಲ್ಪಿ ಮೆದು ಬಳಪದ ಕಲ್ಲನ್ನು ಬಿಡಿಸಿ ಬಿಡಿಸಿ ಬೆಳಕು ನೆರಳನ್ನು ಆಡಿಸಿದ. ಚೆಫಲೂವಿನ ಕುಶಲಿಗಳು ಗಾಜಿನ ಚೂರುಗಳಿಂದ ಅದನ್ನೇ ಮಾಡಿದರು.

ಈಗ ಚಿತ್ರಕ್ಕೆ ಬರೋಣ. ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಗ್ರೀಕ್ ಕ್ರೈಸ್ತ ಪದ್ಧತಿಯಲ್ಲಿ ಎಲ್ಲವನ್ನೂ ಆಳುವ ಕ್ರಿಸ್ತನ ರೂಪಕ್ಕೆ ಪಾಂಟೊಕ್ರೇಟರ್ ಎಂದು ಹೆಸರು, ಅದರ ಜಾಗ ಗುಮ್ಮಟದ ನೆತ್ತಿ. ಚೆಫಲೂವಿನಲ್ಲಿ ನಾರ್ಮನ್ನರ ನಕ್ಷೆಯಂತೆ ಉದ್ದನೆಯ ಕಟ್ಟಡವಿದೆ, ಗುಮ್ಮಟವಿಲ್ಲ. ಹಾಗಾಗಿ ಗ್ರೀಕ್ ಕುಶಲಿಗಳು ಆ ಮುಖವನ್ನು ಪೂರ್ವ ತುದಿಯ ಅರ್ಧಗೋಳಕ್ಕೆ ಇಳಿಸಿದರು. ಗುಮ್ಮಟದಲ್ಲಿದ್ದರೆ ಕತ್ತೆತ್ತಿ ನೋಡಬೇಕಾಗಿದ್ದ ದೇವರು ಇಲ್ಲಿ ಬಾಗಿಲಿನಿಂದಲೇ ಎದುರಾಗುತ್ತಾನೆ. ಈ ಭಾಗ 1148ರಲ್ಲಿ ಮುಗಿಯಿತೆಂದು ಚಿತ್ರದ ಕೆಳಗಿನ ಬರಹವೇ ತಿಳಿಸುತ್ತದೆ. ಅವನ ಬಲಗೈ ಆಶೀರ್ವಾದದ ಮುದ್ರೆಯಲ್ಲಿದೆ. ಎಡಗೈಯಲ್ಲಿ ತೆರೆದ ಪುಸ್ತಕವಿದೆ, ಅದರ ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್. ಎರಡರಲ್ಲೂ 'ನಾನೇ ಲೋಕದ ಬೆಳಕು' ಎಂಬ ಯೋಹಾನನ ಸುವಾರ್ತೆಯ ಒಂದೇ ಮಾತು. ಒಂದೇ ಮಾತನ್ನು ಎರಡು ಲಿಪಿಗಳಲ್ಲಿ ಬರೆಸುವ ಅಗತ್ಯ ರಾಜನಿಗೆ ಬಂದದ್ದು ಅವನ ಪ್ರಜೆಗಳು ಬೇರೆ ಬೇರೆ ಓದುಬಲ್ಲವರಾಗಿದ್ದರಿಂದ. ಪಟ್ಟದಕಲ್ಲಿನ ಕಂಬದ ಶಾಸನವನ್ನು ಚಾಲುಕ್ಯರು ಸಿದ್ಧಮಾತೃಕಾ ಮತ್ತು ಕನ್ನಡ ಎರಡೂ ಲಿಪಿಗಳಲ್ಲಿ ಕೆತ್ತಿಸಿದ್ದನ್ನು ಕನ್ನಡದ ಅಧ್ಯಾಪಕಿಯಾದ ನಿಮಗೆ ನಾನು ನೆನಪಿಸಬೇಕಾಗಿಲ್ಲ. ಕ್ರಿಸ್ತನ ಕೆಳಗೆ ನಾಲ್ವರು ಪ್ರಧಾನ ದೇವದೂತರ ನಡುವೆ ಮರಿಯಮ್ಮ, ಅವಳ ಕೆಳಗೆ ಎರಡು ಸಾಲುಗಳಲ್ಲಿ ಹನ್ನೆರಡು ಶಿಷ್ಯರು.

ಚಿನ್ನ ಹೊಳೆಯುವ ಬಗೆಯನ್ನು ಅರಿತರೆ ನೋಟ ಬದಲಾಗುತ್ತದೆ. ಅದು ಬಣ್ಣವೂ ಅಲ್ಲ, ನಮ್ಮ ಇಗರ್ಜಿಗಳ ಮರದ ಮೇಲಿನಂಥ ಲೇಪವೂ ಅಲ್ಲ. ಅತಿ ತೆಳುವಾದ ಚಿನ್ನದ ರೇಕನ್ನು ಗಾಜಿನ ಎರಡು ಪದರಗಳ ನಡುವೆ ಇಟ್ಟು ಬೆಸೆದು, ಆ ಫಲಕವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಹಸಿ ಗಾರೆಯಲ್ಲಿ ಒಂದೊಂದನ್ನೂ ಕೈಯಿಂದ ಒತ್ತಿ ಕೂರಿಸುತ್ತಾರೆ. ಒಂದೊಂದು ಚೂರಿನ ಓರೆಯೂ ಒಂದೊಂದು ಬಗೆ. ಆದ್ದರಿಂದ ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಈವರೆಗೆ ಮಂಕಾಗಿದ್ದ ಚೂರುಗಳು ಹೊಳೆಯತೊಡಗುತ್ತವೆ, ಹೊಳೆದವು ಆರುತ್ತವೆ. ಹೊರಗೆ ಮೋಡ ಸರಿದರೂ ಹಾಗೆಯೇ. ದೀಪದ ಬೆಳಕಿನಲ್ಲಿ ಇದನ್ನು ನೋಡಿದ 12ನೆಯ ಶತಮಾನದ ಜನರಿಗೆ ಗೋಡೆಯೇ ಉಸಿರಾಡಿದಂತೆ ಕಂಡಿರಬೇಕು. ಛಾಯಾಚಿತ್ರದಲ್ಲಿ ಇದು ಸಿಗುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೋಡ ಕವಿದ ದಿನ ಮತ್ತೊಮ್ಮೆ ಹೋಗಿ ಅರ್ಧ ಗಂಟೆ ಮರದ ಬೆಂಚಿನಲ್ಲಿ ಕುಳಿತುಬಿಡಿ. ಎರಡೂವರೆ ಗಂಟೆಯಲ್ಲಿ ಊಟವನ್ನೂ ಮುಗಿಸಬೇಕಾದವರಿಗೆ ಇದು ಸಾಧ್ಯವೇ ಇಲ್ಲ.

ಅರಬರ ಕೈ ಎಲ್ಲಿದೆ ಎಂದು ಹುಡುಕುವಾಗ ತಲೆ ಎತ್ತಿ ಮರದ ಮಾಡನ್ನು ನೋಡಿ. ಅದರ ತೊಲೆಗಳ ಮೇಲೆ ಇಸ್ಲಾಮಿಕ್ ಶೈಲಿಯ ಚಿತ್ತಾರಗಳಿವೆ. ನೆಲದಿಂದ ಬಹಳ ದೂರವಾದ್ದರಿಂದ ಚಿಕ್ಕದೊಂದು ದುರ್ಬೀನು ಒಯ್ದರೆ ಒಳ್ಳೆಯದು. ಹೊರಗೆ ಬಂದು ಹಿಂಬದಿಗೆ ಹೋದರೆ ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳ ಸಾಲು ಕಾಣುತ್ತದೆ. 2015ರಲ್ಲಿ ಯುನೆಸ್ಕೋ ಪಲೆರ್ಮೋ, ಮೊನ್ರೆಯಾಲೆ ಮತ್ತು ಚೆಫಲೂವಿನ ಒಟ್ಟು ಒಂಬತ್ತು ಕಟ್ಟಡಗಳನ್ನು ಅರಬ್–ನಾರ್ಮನ್ ಪರಂಪರೆ ಎಂದೇ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಭುಜ ಮುಚ್ಚುವ ಉಡುಪಿರಲಿ. ಸೀರೆಯುಟ್ಟವರಿಗೆ ಆ ಚಿಂತೆಯಿಲ್ಲ.

ಉತ್ತರ 4: ಮಡಗಾಂವ್, ಗೋವಾ

ಗೋವಾದವರು ಅಷ್ಟು ದೂರ ಏಕೆ ಹೋಗಬೇಕೆಂದು ನಿಮ್ಮ ಬಂಧುಗಳು ಕೇಳಿದ್ದಾರೆ. ಅದಕ್ಕೆ ನನ್ನಲ್ಲಿ ಒಂದು ಉತ್ತರವಿದೆ. ಚೆಫಲೂ ದೇವಾಲಯವನ್ನು ಕಟ್ಟಿಸಿದ ರಾಜನ ಆಸ್ಥಾನದಲ್ಲಿ ನಮ್ಮ ಗೋವೆಯ ಹೆಸರು ಬರೆಯಲ್ಪಟ್ಟಿದೆ.

ಉತ್ತರ ಆಫ್ರಿಕಾದ ಸಿಯೂಟಾದಲ್ಲಿ ಹುಟ್ಟಿದ ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞನನ್ನು ಎರಡನೆಯ ರೊಜರ್ ಪಲೆರ್ಮೋಗೆ ಕರೆಸಿಕೊಂಡು, ಅಂದು ತಿಳಿದಿದ್ದ ಜಗತ್ತನ್ನೆಲ್ಲ ವರ್ಣಿಸುವ ಗ್ರಂಥವನ್ನೂ ನಕ್ಷೆಗಳನ್ನೂ ಮಾಡಿಸಿದ. ಹಡಗಿನವರು, ವ್ಯಾಪಾರಿಗಳು, ಯಾತ್ರಿಕರು ಬಂದಾಗಲೆಲ್ಲ ಅವರನ್ನು ವಿಚಾರಿಸಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ನೋಡಿ ಬರೆದ ಆ ಗ್ರಂಥ 1154ರ ಜನವರಿಯಲ್ಲಿ, ರಾಜ ಸಾಯುವ ಕೆಲವೇ ವಾರಗಳ ಮೊದಲು ಮುಗಿಯಿತು. ಅದರ ನಕ್ಷೆಗಳಲ್ಲಿ ದಕ್ಷಿಣ ದಿಕ್ಕು ಮೇಲಿದೆ, ಆದ್ದರಿಂದ ನಮ್ಮ ಕಣ್ಣಿಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಭಾರತದ ಪಶ್ಚಿಮ ಕರಾವಳಿಯನ್ನು ವರ್ಣಿಸುವಾಗ ಇದ್ರೀಸಿ ಸಿಂದಾಬೂರ್ ಎಂಬ ಊರನ್ನು ಹೇಳುತ್ತಾನೆ. ಅದು ದೊಡ್ಡ ಕೊಲ್ಲಿಯ ಮೇಲಿರುವ, ಹಡಗುಗಳು ಲಂಗರು ಹಾಕುವ ವ್ಯಾಪಾರದ ಊರು, ಒಳ್ಳೆಯ ಕಟ್ಟಡಗಳೂ ಸಂಪನ್ನವಾದ ಪೇಟೆಗಳೂ ಅಲ್ಲಿವೆ ಎಂಬುದು ಅವನ ವರ್ಣನೆ. ಈ ಸಿಂದಾಬೂರ್ ಗೋವೆಯೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಕದಂಬರ ಹಳೆಯ ರಾಜಧಾನಿ ಚಂದ್ರಪುರದ, ಅಂದರೆ ಇಂದಿನ ಚಾಂದೋರದ ಹೆಸರೇ ಅರಬ್ ನಾವಿಕರ ಬಾಯಲ್ಲಿ ಹಾಗಾಯಿತೆಂದು ಹಲವರು ಹೇಳುತ್ತಾರೆ. ಅದೇ ಗ್ರಂಥದಲ್ಲಿ ಚೆಫಲೂವಿನ ವರ್ಣನೆಯೂ ಇದೆ, ಕಡಲ ದಂಡೆಯ ಕೋಟೆಯಂಥ ಊರೆಂದು.

ಹಡಗುಗಳ ಲೆಕ್ಕವಿಡುತ್ತ ಬಾಳಿದ ನಿಮ್ಮ ಯಜಮಾನರಿಗೆ ಇದು ಸಂತೋಷ ಕೊಡಬಹುದು ಎಂದುಕೊಂಡು ಬರೆದೆ. ಕಬ್ಬು, ನಿಂಬೆ, ಕಿತ್ತಳೆಗಳನ್ನೂ ಅವಕ್ಕೆ ನೀರು ಹಾಯಿಸುವ ವಿದ್ಯೆಯನ್ನೂ ಸಿಸಿಲಿಗೆ ತಂದವರು ಅರಬರು. ಅಲ್ಲಿ ಕಿತ್ತಳೆಗೆ ಅರಾಂಚಾ ಎನ್ನುತ್ತಾರೆ. ನಮ್ಮ ನಾರಂಗವೇ ಪರ್ಷಿಯಾ, ಅರಬಸ್ತಾನಗಳನ್ನು ಹಾದು ಆ ಶಬ್ದವಾಗಿದೆ. ಎರಡು ದಂಡೆಗಳ ನಡುವೆ ಇಷ್ಟೆಲ್ಲ ಓಡಾಟವಿದ್ದಾಗ ಆ ಊರು ನಮಗೆ ದೂರದ್ದೆಂದು ನಾನಂತೂ ಒಪ್ಪಲಾರೆ.

ಪ್ರಶ್ನೆ ಕೇಳಿದವರಿಂದ: ವಾಸ್ಕೋ, ಗೋವಾ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಡಗಾಂವದವರು ಬರೆದದ್ದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಎದ್ದು ಹೋಗಿ ಹಳೆಯ ಅಟ್ಲಾಸ್ ತಂದು, ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಮೂರು ರಾತ್ರಿ ಎಂದು ತೀರ್ಮಾನಿಸಿ ಮಗಳಿಗೆ ತಿಳಿಸಿದ್ದೇವೆ. ಡೊಂಬಿವಲಿಯವರು ಹೇಳಿದಂತೆ ಪಲೆರ್ಮೋ ಮತ್ತು ಮೊನ್ರೆಯಾಲೆಗೂ ಎರಡು ದಿನ ಇಟ್ಟುಕೊಳ್ಳುತ್ತೇವೆ.

ಇನ್ನೆರಡು ವಿಷಯ ತಿಳಿಯಬೇಕಾಗಿದೆ. ಬಂಡೆಯ ಮೇಲೆ ಹಳೆಯ ದೇವಾಲಯವೊಂದಿದೆಯಂತೆ, ಅಲ್ಲಿಯವರೆಗೆ ಮೊಣಕಾಲು ನೋವಿನವರು ಹೋಗಬಹುದೇ? ಊಟದ ವ್ಯವಸ್ಥೆ ಹೇಗೆ?

ಉತ್ತರ 5: ಮಾಟುಂಗಾ, ಮುಂಬಯಿ

ಅಮ್ಮ, ಬಂಡೆಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ, ಯಜಮಾನರು ಹತ್ತುವುದು ಬೇಡ. ದಾರಿ ಕಡಿದಾಗಿದೆ, ಕಲ್ಲು ಸವೆದು ನುಣುಪಾಗಿದೆ, ನೆರಳಿಲ್ಲ. ಏರುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಹೆಚ್ಚು ಕಷ್ಟ. ನೀವೂ ಮಗಳೂ ಬೆಳಿಗ್ಗೆ ಬೇಗ ಹೋಗಿ, ನೀರು ಒಯ್ಯಿರಿ, ಮಳೆ ಬಂದ ದಿನ ಹೋಗಬೇಡಿ. ಅರ್ಧ ದಾರಿಯಲ್ಲಿ ಸಿಗುವ ಡಯಾನಾ ದೇವಾಲಯವೆಂಬುದು ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ, ಕ್ರಿಸ್ತಪೂರ್ವ ಕಾಲದ ಕಟ್ಟಡ. ಅದರೊಳಗೆ ಅದಕ್ಕಿಂತಲೂ ಹಳೆಯದಾದ, ಹಾಸುಗಲ್ಲು ಮುಚ್ಚಿದ ನೀರಿನ ತೊಟ್ಟಿಯಿದೆ. ಕೆಳಗಿನ ಒಗೆಯುವ ಕಟ್ಟೆಯನ್ನು ನೋಡಿ ಬಂದವರಿಗೆ ಈ ತೊಟ್ಟಿಯ ಬೆಲೆ ತಿಳಿಯುತ್ತದೆ. ಊರು ಮೊದಲಿಗೆ ಹುಟ್ಟಿದ್ದೇ ನೀರಿದ್ದ ಜಾಗದಲ್ಲಿ.

ಆ ಹೊತ್ತಿಗೆ ಯಜಮಾನರನ್ನು ಪೋರ್ತಾ ಪೆಸ್ಕಾರಾ ಎಂಬ ಕಮಾನಿನ ಬಾಗಿಲ ಬಳಿ ಬಿಡಿ. ಊರಿಗಿದ್ದ ನಾಲ್ಕು ಹಳೆಯ ಬಾಗಿಲುಗಳಲ್ಲಿ ಕಡಲಿಗೆ ತೆರೆದು ಉಳಿದಿರುವುದು ಇದೊಂದೇ. ಆ ಕಮಾನಿನ ಚೌಕಟ್ಟಿನೊಳಗೆ ದೋಣಿಗಳೂ ನೀಲಿ ನೀರೂ ಕಾಣುತ್ತವೆ. ಕುಳಿತುಕೊಳ್ಳಲು ಕಟ್ಟೆಯಿದೆ.

ಊಟಕ್ಕೆ ಹೆದರಬೇಡಿ. ಸಿಸಿಲಿಯವರ ತರಕಾರಿ ಅಡಿಗೆ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬದನೆಕಾಯಿ, ಟೊಮೆಟೊ, ಉಪ್ಪು ಹಾಕಿ ಒಣಗಿಸಿದ ರಿಕೋಟಾ ಚೀಸ್ ಸೇರಿದ ಪಾಸ್ತಾ ಅಲ್ಲಾ ನೋರ್ಮಾ ಎಲ್ಲೆಡೆ ಸಿಗುತ್ತದೆ. ಕಪೊನಾತಾ ಎಂಬುದು ಬದನೆಕಾಯಿಯನ್ನು ಕರಿದು ವಿನೆಗರ್ ಮತ್ತು ಸಕ್ಕರೆಯೊಂದಿಗೆ ಬೇಯಿಸಿದ ಹುಳಿಸಿಹಿ ಪದಾರ್ಥ. ನನ್ನ ಶ್ರೀಮತಿ ಅದನ್ನು ಗೊಜ್ಜು ಎಂದೇ ಕರೆದಳು. ಕಡಲೆಹಿಟ್ಟನ್ನು ಬೇಯಿಸಿ ಹರಡಿ, ಕತ್ತರಿಸಿ ಕರಿದ ಪನೆಲ್ಲೆಯನ್ನು ಬ್ರೆಡ್ಡಿನಲ್ಲಿಟ್ಟು ಕೊಡುತ್ತಾರೆ, ನಮ್ಮ ವಡಾಪಾವಿನ ನೆಂಟನೆಂದೇ ಹೇಳಬೇಕು. ಎಚ್ಚರ ಬೇಕಾದದ್ದು ಮೂರರಲ್ಲಿ: ಅನ್ನದ ಉಂಡೆ ಅರಾಂಚೀನಾದೊಳಗೆ ಹೆಚ್ಚಾಗಿ ಮಾಂಸವಿರುತ್ತದೆ, ಸ್ಫಿಂಚೋನೆ ಎಂಬ ದಪ್ಪ ರೊಟ್ಟಿಯ ಮೇಲೆ ಆಂಚೋವಿ ಮೀನು ಹಾಕುತ್ತಾರೆ, ಚೆಫಲೂವಿನದೇ ಆದ ಪಾಸ್ತಾ ಅ ತಯಾನುವಿನಲ್ಲೂ ಮಾಂಸವಿರುತ್ತದೆ.

ಒಂದು ಹಗಲು ಸಾಧ್ಯವಾದರೆ ಹತ್ತಿರದ ಮದೋನಿಯೆ ಬೆಟ್ಟಸಾಲಿನ ಕಸ್ತೆಲ್‌ಬೂನೋ ಊರಿಗೆ ಹೋಗಿಬನ್ನಿ. ಆ ಊರಿನಲ್ಲೂ ಪೊಲ್ಲೀನಾದಲ್ಲೂ ಬೇಸಿಗೆಯಲ್ಲಿ ಒಂದು ಜಾತಿಯ ಆ್ಯಶ್ ಮರದ ತೊಗಟೆಯನ್ನು ಕುಡುಗೋಲಿನಂಥ ಕತ್ತಿಯಿಂದ ಕಚ್ಚು ಹಾಕುತ್ತಾರೆ. ಒಸರುವ ರಸ ಬಿಸಿಲಿಗೆ ಒಣಗಿ ಬಿಳಿಯ ಕಡ್ಡಿಯಾಗುತ್ತದೆ. ಅದಕ್ಕೆ ಮನ್ನಾ ಎನ್ನುತ್ತಾರೆ. ಅದನ್ನು ಮಿಠಾಯಿಗೂ ಔಷಧಿಗೂ ಬಳಸುತ್ತಾರೆ. ಎಲ್ಲಿ ಎಷ್ಟು ಆಳಕ್ಕೆ ಕಚ್ಚು ಹಾಕಬೇಕೆಂಬುದನ್ನು ತಂದೆಯಿಂದ ಮಗ ನೋಡಿ ಕಲಿಯಬೇಕು. ಈಗ ಆ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಕಡೆ ಶೇಂದಿ ಇಳಿಸುವವರು ತೆಂಗಿನ ಹೊಂಬಾಳೆ ಕೆತ್ತುವುದನ್ನು ನೋಡಿದವರಿಗೆ ಇದರ ಸೂಕ್ಷ್ಮ ತಾನಾಗಿಯೇ ತಿಳಿಯುತ್ತದೆ.

ಉತ್ತರ 6: ಪಣಜಿ, ಗೋವಾ

ನಾನು ಚೆಫಲೂವಿಗೆ ಹೋದವನಲ್ಲ, ಆದರೆ ಒಂದು ವಿನಂತಿ ಮಾಡಲು ಬರೆಯುತ್ತಿದ್ದೇನೆ. ನಾನಿರುವುದು ಫೊಂತೈನ್ಯಾಸ್ ಎಂಬ ಹಳೆಯ ಬಡಾವಣೆಯ ಪಕ್ಕದಲ್ಲಿ. ಹಳದಿ, ನೀಲಿ ಬಣ್ಣದ ಹಳೆಯ ಮನೆಗಳ ಮೆಟ್ಟಿಲುಗಳ ಮೇಲೆ ಹತ್ತಿ ಕುಳಿತು, ಕಿಟಕಿಗೆ ಒರಗಿ, ಬೆಳಗಿನಿಂದ ಸಂಜೆಯವರೆಗೆ ಚಿತ್ರ ತೆಗೆಸಿಕೊಳ್ಳುವವರಿಂದ ಅಲ್ಲಿಯ ಹಿರಿಯರಿಗೆ ಎಷ್ಟು ನೋವಾಗಿದೆ ಎಂಬುದನ್ನು ದಿನವೂ ನೋಡುತ್ತೇನೆ. ಚೆಫಲೂವಿನ ಹಳೆಯ ಬಂದರಿನ ಮನೆಗಳು ಕೂಡ ಜನ ವಾಸಿಸುವ ಮನೆಗಳೇ. ಬೀದಿಗೆ ಅಡ್ಡವಾಗಿ ಬಟ್ಟೆ ಒಣಗಿಸಿದ್ದನ್ನು ಕಂಡಾಗ ಕ್ಯಾಮೆರಾ ಎತ್ತುವ ಮೊದಲು ಬಾಗಿಲಲ್ಲಿ ಕುಳಿತವರಿಗೆ ಒಂದು ನಮಸ್ಕಾರ ಹೇಳಿ. ಮಧ್ಯಾಹ್ನ ಅಂಗಡಿಗಳು ಮುಚ್ಚಿ ಊರು ಮಲಗುವ ಹೊತ್ತು ಅಲ್ಲೂ ಇದೆ, ನಮ್ಮಲ್ಲಿಯಂತೆಯೇ. ಆ ಎರಡು ಮೂರು ಗಂಟೆ ಓಣಿಗಳಲ್ಲಿ ಗಟ್ಟಿಯಾಗಿ ಮಾತನಾಡದಿದ್ದರೆ ಅವರಿಗೆ ನೀವು ಮಾಡಿದ ಉಪಕಾರವಾದೀತು. ಸಾಧ್ಯವಾದರೆ ಊರಿನ ಕುಟುಂಬವೊಂದು ತಾನೇ ನಡೆಸುವ ವಸತಿಯನ್ನು ಆರಿಸಿ.

ಉತ್ತರ 7: ಮಡಗಾಂವ್, ಗೋವಾ

ಯಜಮಾನರು ಅಟ್ಲಾಸ್ ತಿರುಗಿಸಿ ನೋಡಿದರೆಂದು ಓದಿ ಬಹಳ ಸಂತೋಷವಾಯಿತು. ಹೊರಡುವ ಮೊದಲು ಇಬ್ಬರೂ ಒಂದು ಭಾನುವಾರ ಚಾಂದೋರಕ್ಕೆ ಬನ್ನಿ. ಮಡಗಾಂವದಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಉತ್ಖನನದಲ್ಲಿ ಸಿಕ್ಕ ಇಟ್ಟಿಗೆಯ ದೇವಾಲಯದ ಅಡಿಪಾಯವೂ ತಲೆಯಿಲ್ಲದ ನಂದಿಯೂ ಬಯಲಿನಲ್ಲೇ ಇವೆ, ಏರುವ ಮೆಟ್ಟಿಲುಗಳಿಲ್ಲ. ಸಿಂದಾಬೂರನ್ನು ಕಂಡು ನಂತರ ಚೆಫಲೂವಿಗೆ ಹೋಗಬಹುದು. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ಬಿಸಿಲಿರುವುದಿಲ್ಲ, ನಾನೂ ಜೊತೆಗಿರುತ್ತೇನೆ.